ಮಿಠಾಯಿ ಆಟ, ಲೂಡೋ ಮತ್ತು ನಮ್ಮತ್ತೆ

ರಾಮನಗರದ ಕಾಲೇಜೊಂದರಲ್ಲಿ ನಾನು ಮಾರ್ಕೆಟಿಂಗ್ ಪಾಠ ಮಾಡುತ್ತೇನೆ. ಪೈಪೋಟಿಗೆ ಬಿದ್ದ ಸರಕುಗಳನ್ನು ಹೋಲಿಸಲು ಬೋರ್ಡಿನ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆದು, ಗಿರಾಕಿಯ ಮನಸ್ಸಿನಲ್ಲಿ ಯಾವುದು ಎಲ್ಲಿ ಕೂತಿದೆಯೆಂದು ಚುಕ್ಕೆ ಇಡುವುದು ರೂಢಿ. ಸೋಪಿನ ಉದಾಹರಣೆಗೆ ತರಗತಿ ಆಕಳಿಸುತ್ತಿತ್ತು. ಹಾಗಾಗಿ ಒಂದು ವರ್ಷ ಮೊಬೈಲ್ ಗೇಮುಗಳನ್ನು ತೆಗೆದುಕೊಂಡೆ.

ಉದಾಹರಣೆ ಮನೆಯಲ್ಲೇ ಇತ್ತು. ಚನ್ನಪಟ್ಟಣದಲ್ಲಿ ನಮ್ಮ ಜೊತೆಗಿರುವ ಅತ್ತೆ ಮಂಡಿ ಆಪರೇಷನ್ ಆಗಿ ಕೂತಲ್ಲೇ ಕೂತಿದ್ದರು. ಹೊತ್ತು ಹೋಗಲೆಂದು ನನ್ನ ಗಂಡ ಅವರ ಫೋನಿಗೆ ಮಿಠಾಯಿ ಜೋಡಿಸುವ ಆಟ ಹಾಕಿಕೊಟ್ಟಿದ್ದರು. ಆಮೇಲೆ ದೊಡ್ಡಮಳೂರಿನಿಂದ ಅತ್ತೆಯ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಫೋನಿನಲ್ಲೇ ಲೂಡೋ ಆಡೋಣವೆಂದು ಕರೆದರು. ಅಲ್ಲಿಂದಾಚೆಗೆ ಅತ್ತೆ ಮಿಠಾಯಿ ಮುಟ್ಟಲಿಲ್ಲ.

"ಅದನ್ಯಾಕೆ ಬಿಟ್ರಿ ಅತ್ತೆ?" ಎಂದು ಕೇಳಿದೆ.

"ಅದ್ರಲ್ಲಿ ಗೆದ್ರೆ ಯಾರ್ಗೆ ಹೇಳಾನ ಕಣವ್ವ? ಇದ್ರಲ್ಲಾದ್ರೆ ನಮ್ಮಕ್ಕ ಸೋಲ್ತಳೆ."

ನನ್ನ ಅಡ್ಡಗೆರೆಗೆ ಎರಡು ತುದಿ ಸಿಕ್ಕವು: ಒಬ್ಬರೇ ಆಡುವುದು, ಜೊತೆಯಲ್ಲಿ ಆಡುವುದು. ಉದ್ದಗೆರೆ ಸುಲಭದಿಂದ ಕಷ್ಟಕ್ಕೆ. ಜೊತೆ ಬೇಕಾದವರನ್ನು ಲೂಡೋ ಗೆದ್ದುಕೊಂಡಿದೆ ಎಂದು ಧೈರ್ಯವಾಗಿ ಪಾಠ ಮಾಡಿದೆ.

ಅದೇ ವಾರ ಅತ್ತೆ, ಇನ್ನೇನು ಹಣ್ಣಾಗಲಿದ್ದ ಅಕ್ಕನ ಕಾಯನ್ನು ಹೊಡೆದರು. ದೊಡ್ಡತ್ತೆ ಆಟದ ನಡುವೆಯೇ ಹೊರಟುಹೋದರು. ಮರುದಿನ ಫೋನ್ ಮಾಡಿದರೂ ಎತ್ತಲಿಲ್ಲ. ಅತ್ತೆ ಮಿಠಾಯಿ ಆಟಕ್ಕೆ ಮರಳಿದರು. ನಾನು ನೋಡುತ್ತಿರುವುದು ತಿಳಿದು, "ಇದು ಮುನಿಸ್ಕೊಳಾಕಿಲ್ಲ" ಅಂದರು.

ತರಗತಿಯಲ್ಲಿ ಮಿಠಾಯಿಯ ಚುಕ್ಕೆಯ ಪಕ್ಕ ಅತ್ತೆಯ ಆ ಮಾತನ್ನೂ ಬರೆದೆ. ಹುಡುಗಿಯೊಬ್ಬಳು ಎದ್ದು, "ಮೇಡಂ, ಹಂಗಾದ್ರೆ ಯಾವ ಗೇಮ್ ಗೆಲ್ತು?" ಎಂದು ಕೇಳಿದಳು. ಗಿರಾಕಿ ಇನ್ನೂ ತೀರ್ಮಾನ ಮಾಡಿಲ್ಲ ಎಂದೆ.

ಒಂದು ಭಾನುವಾರ ಅತ್ತೆ ಸೀರೆ ಬದಲಿಸಿ ಬಂದು, "ಒಸಿ ಮಳೂರ್ಗೆ ಕರ್ಕೊಂಡೋಗವ್ವ" ಅಂದರು. ಆಪರೇಷನ್ ಆದಮೇಲೆ ಅವರು ಬೀದಿ ದಾಟಿದ್ದು ಅಂದೇ ಮೊದಲು. ಆಟೋ ಇಳಿದಾಗ ದೊಡ್ಡತ್ತೆ ಬಾಗಿಲಲ್ಲಿದ್ದರು.

"ಕಾಲು ಹೆಂಗೈತೆ?"

"ಐತೆ."

ಅಷ್ಟೇ ಮಾತು. ಜಗಲಿಯ ಮೇಲೆ ಅಕ್ಕಪಕ್ಕ ಕೂತು, ಇಬ್ಬರೂ ತಂತಮ್ಮ ಫೋನಿನಲ್ಲಿ ಲೂಡೋ ತೆಗೆದರು. ಸ್ವಲ್ಪ ಹೊತ್ತಿಗೆ ಅಕ್ಕನ ಕಾಯಿ ಮತ್ತೆ ಅತ್ತೆಯ ದಾರಿಗೆ ಸಿಕ್ಕಿತು. ಅತ್ತೆ ಅದನ್ನು ಬಿಟ್ಟು ಬೇರೆ ಕಾಯಿಯತ್ತ ಬೆರಳು ಒಯ್ದರು. ದೊಡ್ಡತ್ತೆ ಬಗ್ಗಿ ತಂಗಿಯ ಫೋನನ್ನೇ ನೋಡಿದರು.

"ಬುಟ್ಕೊಡ್ಬ್ಯಾಡ. ನಾನೇನ್ ಮಗೀನಾ? ಹೊಡಿ."

"ಆಮ್ಯಾಕೆ ಮಾತಾಡಾಕಿಲ್ಲ ಅಂತೀಯ."

"ಮಾತಾಡ್ತೀನಿ. ಹೊಡಿ."

ಅತ್ತೆ ಹೊಡೆದರು. ದೊಡ್ಡತ್ತೆ ಸೋತು, ಒಳಗಿದ್ದ ತಮ್ಮ ಸೊಸೆಗೆ ಅಕ್ಕಿರೊಟ್ಟಿ ಹಾಕಲು ಹೇಳಿದರು. ನಾವು ಉಂಡು ಹೊರಟಾಗ ಸಂಜೆಯಾಗಿತ್ತು.