ಊಟಾ ಆತೇನ್ರಿ, ಕಾಕಾ

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ನಾಟಕವಿತ್ತು. ಅವಳದು ಮುದುಕನ ಪಾತ್ರ. ಮೀಸೆ ಅಂಟಿಸಲೆಂದು ಸೊಸೆ ಎಲ್ಲಿಂದಲೋ ಒಂದು ಸಣ್ಣ ಬಾಟಲಿ ಅಂಟು ತಂದಿದ್ದಳು. ಮುಚ್ಚಳ ತೆಗೆದದ್ದೇ ತಡ, ಸ್ಪಿರಿಟ್ಟೂ ರಾಳವೂ ಬೆರೆತ ಘಾಟು ಮನೆಯೆಲ್ಲ ಹರಡಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಚವಳಿಕಾಯಿ ಸೋಸುವುದನ್ನು ಬಿಟ್ಟು ಹಾಗೇ ಕೂತುಬಿಟ್ಟೆ. ನಾಸಿಕದ ಹಳೇ ವಾಡೆ, ಅದರ ಮರದ ಮೆಟ್ಟಿಲು, ಮೆಟ್ಟಿಲ ತುದಿಯ ಆ ಒಂದೇ ಕೋಣೆ... ಎಲ್ಲ ಆ ಬಾಟಲಿಯೊಳಗೇ ಇದ್ದಂತೆ ಹೊರಗೆ ಬಂದವು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದಲ್ಲಿ ಮದುವೆಯಾಗಿ ನಾನು ನಾಸಿಕಕ್ಕೆ ಬಂದೆ. ನಮ್ಮವರಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಬೆಳಕು ಹರಿಯುವ ಮುಂಚೆ ಕಾರ್ಖಾನೆಯ ಬಸ್ಸು ಹತ್ತಿದರೆ ಮರಳಿ ಬರುವುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ಹಗಲು ಪೂರ್ತಿ ನನ್ನದು, ಅಂದರೆ ಯಾರದೂ ಅಲ್ಲ. ನಡುವೆ ಅಂಗಳ, ಸುತ್ತ ಏಳೆಂಟು ಬಿಡಾರ ಇದ್ದ ವಾಡೆ ನಮ್ಮದು. ಮಾತಿಗೆ ಜನ ಇರಲಿಲ್ಲವೆಂದಲ್ಲ. ಧಾರವಾಡದಲ್ಲಿ ಹುಟ್ಟಿದವಳಿಗೆ ಮರಾಠಿ ತಕ್ಕಮಟ್ಟಿಗೆ ಬಂದೇ ಬರುತ್ತದೆ. ಆದರೆ ತಕ್ಕಮಟ್ಟಿನ ಭಾಷೆಯಲ್ಲಿ ತರಕಾರಿ ಕೊಳ್ಳಬಹುದು, ಮನಸ್ಸು ಬಿಚ್ಚಲಿಕ್ಕಾಗುವುದಿಲ್ಲ. ಹಿಂದಿಯಂತೂ ನನಗೆ ಒಂದಕ್ಷರ ಬರುತ್ತಿರಲಿಲ್ಲ.

ಮೇಲಿನ ಕೋಣೆಯಲ್ಲಿದ್ದವರನ್ನು ವಾಡೆಯವರೆಲ್ಲ ಕಾಕಾ ಅನ್ನುತ್ತಿದ್ದರು, ನಾವೂ ಅಂದೆವು. ಐವತ್ತು ದಾಟಿದ ಮನುಷ್ಯ. ಎತ್ತರದ ಮೈಕಟ್ಟು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಬೀದಿಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು, "ಆ ಡಾಕ್ಟರ್ ಅಲ್ಲವೇ" ಅನ್ನುತ್ತಿದ್ದರು, ಹೆಸರು ಮಾತ್ರ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಿಂದಿ ಸಿನಿಮಾಗಳಲ್ಲಿ ಅವರು ಇಪ್ಪತ್ತು ವರ್ಷದಿಂದ ಡಾಕ್ಟರ್ ಆಗುತ್ತಿದ್ದರು. ಕೋಣೆಯಿಂದ ಹೊರಗೆ ಬಂದು, ಕೊರಳಿಂದ ಸ್ಟೆತಸ್ಕೋಪು ತೆಗೆದು, ಇನ್ನು ದೇವರೇ ಗತಿ ಎಂದು ಹೇಳಿ ಹೋಗುವ ಡಾಕ್ಟರ್. ನಡುನಡುವೆ ಜಡ್ಜು, ಪೋಸ್ಟ್ ಮಾಸ್ತರ, ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬರುವ ಇನ್‌ಸ್ಪೆಕ್ಟರ್. ಪಾತ್ರ ಇಲ್ಲದಾಗ ಬೇರೆಯವರ ಚಿತ್ರಗಳಿಗೆ ಸಂಭಾಷಣೆ ತಿದ್ದಿಕೊಡುತ್ತಿದ್ದರು. ಅದಕ್ಕೂ ಪರದೆಯ ಮೇಲೆ ಹೆಸರಿಲ್ಲ. ಮೂಲೆಯ ಔಷಧಿ ಅಂಗಡಿಯ ಫೋನಿಗೆ ಕರೆ ಬಂದರೆ ಬೊಂಬಾಯಿಯ ರೈಲು ಹತ್ತುವುದು, ಕೆಲಸ ಮುಗಿದರೆ ವಾಪಸು ಬಂದು ಆ ಕೋಣೆ ಸೇರುವುದು. ಮೀಸೆಯ ಅಂಟಿನ ಘಾಟು ಆ ಕೋಣೆಯದೇ.

ಅವರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಕೆ ಔರಂಗಾಬಾದಿನ ತವರಿನಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಇವರು ಯಾವುದೋ ಬೆಟ್ಟದ ಊರಿನಲ್ಲಿ ಶೂಟಿಂಗಿನಲ್ಲಿದ್ದರಂತೆ. ಅಲ್ಲೂ ಡಾಕ್ಟರ್ ಪಾತ್ರವೇ. ಸುದ್ದಿ ತಲುಪಿ ಇವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಬ್ಬಳೇ ಮಗಳು, ಆಗಿನ್ನೂ ಚಿಕ್ಕವಳು, ಅಜ್ಜಿಯ ಮನೆಯಲ್ಲೇ ಬೆಳೆದಳು, ಅದೇ ಊರಿನಲ್ಲಿ ಮದುವೆಯಾದಳು. ಅವಳು ಅಪ್ಪನ ಸಿನಿಮಾಗಳನ್ನು ನೋಡುವುದಿಲ್ಲವೆಂದು ವಾಡೆಯ ಮಾಲೀಕನ ಹೆಂಡತಿ ನನಗೆ ಹೇಳಿದ್ದರು. ಪರದೆಯ ಮೇಲೆ ಡಾಕ್ಟರ್ ಆಗಿ ನಿಂತ ಅಪ್ಪನನ್ನು ಹೇಗೆ ನೋಡಿಯಾಳು ಪಾಪ... ಕಾಕಾ ಎರಡು ಸಲ ಹೋಗಿ ಹೊರಕೋಣೆಯಲ್ಲಿ ಕೂತು, ಚಹಾ ಕುಡಿದು ಬಂದಿದ್ದರಂತೆ.

ನನಗೂ ಅವರಿಗೂ ಮಾತು ಬೆಳೆದದ್ದು ಒಂದು ವಿಚಿತ್ರ ಕಾರಣಕ್ಕೆ. ನನಗೆ ಹಿಂದಿ ಬರುವುದಿಲ್ಲವೆಂದು ತಿಳಿದ ದಿನ ಅವರಿಗೆ ಸಂತೋಷವೇ ಆಯಿತು. ಅಂದಿನಿಂದ ನಾನು ಅಂಗಳದಲ್ಲಿ ಕೂತು ಬಟಾಣಿ ಸುಲಿಯುವಾಗ ಅವರು ಮೇಲಿನ ಕಟಾಂಜನಕ್ಕೆ ಆತು ನಿಂತು, ಬರೆದದ್ದನ್ನು ಅಭಿನಯಿಸಿ ಓದುತ್ತಿದ್ದರು. ಮುಗಿದ ಮೇಲೆ ಏನನ್ನಿಸಿತೆಂದು ಕೇಳುತ್ತಿದ್ದರು. ಅವರು ಮಾತಾಡುತ್ತಿದ್ದದ್ದು ಮರಾಠಿ, ನನ್ನನ್ನು ಕರೆಯುತ್ತಿದ್ದದ್ದು ವಹಿನಿ, ಅಂದರೆ ಅತ್ತಿಗೆ ಎಂದು. ನನ್ನ ಕಿವಿಯಲ್ಲಿ ಅದು ನನ್ನ ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ಮಾತು ತಿಳಿಯದವರಿಗೂ ತಟ್ಟಬೇಕ್ರಿ ವಹಿನಿ. ತಿಳಿಯೋರು ಸುಳ್ಳ ಹೇಳತಾರ."

ನಾನು ಸುಳ್ಳು ಹೇಳುವಷ್ಟು ಜಾಣೆಯಾಗಿರಲಿಲ್ಲ. ಯಾರೋ ಸಿಟ್ಟಿಗೆದ್ದಂಗ ನಟಸ್ಲಿಕ್ಕತ್ತಾರ ಅನ್ನುತ್ತಿದ್ದೆ, ಇಲ್ಲವೇ ಏನೂ ಅನಸಲಿಲ್ಲರಿ ಅನ್ನುತ್ತಿದ್ದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಗೆರೆ ಎಳೆಯುತ್ತಿದ್ದರು. ಹಗಲೆಲ್ಲ ಮಾತಿಲ್ಲದೆ ಕಳೆಯುತ್ತಿದ್ದ ನನಗೆ ಅದೊಂದು ದೊಡ್ಡ ಕೆಲಸ ಸಿಕ್ಕಂತಾಗಿತ್ತು. ಸಿನಿಮಾದ ಸಂಭಾಷಣೆ ಪಾಸು ಮಾಡುವ ಹುದ್ದೆ ನನ್ನದು ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು.

ಆ ವರ್ಷ ಅವರಿಗೆ ಮೊದಲ ಸಲ ಡಾಕ್ಟರ್ ಅಲ್ಲದ ಒಂದು ಪಾತ್ರ ಸಿಕ್ಕಿತು. ಮನೆ ಬಿಟ್ಟು ಹೋದ ಮಗಳನ್ನು ಎಷ್ಟೋ ಕಾಲದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಅಪ್ಪ. ಒಂದೇ ದೃಶ್ಯ, ಆದರೆ ಪೂರ್ತಿ ಅವರದು, ಬರೆಯುವ ಕೆಲಸವನ್ನೂ ಅವರಿಗೇ ಬಿಟ್ಟಿದ್ದರು. ಯಾರಿಗಾಗಿ ಬರೆಯುತ್ತಿದ್ದಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಮೊದಲು ಬರೆದದ್ದು ಬಹಳ ಉದ್ದವಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಓದಿದರು. ನಾನು ಬಟಾಣಿ ಸುಲಿಯುತ್ತಲೇ, "ಯಾರೋ ಭಾಷಣಾ ಮಾಡ್ಲಿಕ್ಕತ್ತಾರ ಅನಸ್ತರಿ" ಅಂದೆ. ಬಹಳ ಹೊತ್ತು ನಕ್ಕರು. ಆಮೇಲೆ ಹಾಳೆಗಳನ್ನು ಮಡಚಿಕೊಂಡು ಒಳಗೆ ಹೋದರು.

ಇನ್ನು ಆ ಊಟದ ಮಾತು. ನಮ್ಮ ಕಡೆ ಎದುರಿಗೆ ಯಾರು ಸಿಕ್ಕರೂ ಮೊದಲು ಬಾಯಿಗೆ ಬರುವುದು ಅದೇ. ಕಾಕಾ ಮೆಟ್ಟಿಲಿಳಿದರೆ ನಾನು, "ಊಟಾ ಆತೇನ್ರಿ, ಕಾಕಾ?" ಅನ್ನುತ್ತಿದ್ದೆ. "ಆತು" ಅನ್ನುತ್ತಿದ್ದರು. ಬೆಳಿಗ್ಗೆಯಾದರೂ ಆತು, ಸಂಜೆಯಾದರೂ ಆತು. ಅವರ ಕೋಣೆಯ ಸೀಮೆಎಣ್ಣೆ ಸ್ಟೋ ಮಾತ್ರ ದಿನಗಟ್ಟಲೆ ಸದ್ದು ಮಾಡುತ್ತಿರಲಿಲ್ಲ. ಮೂಲೆಯ ಚಹಾದಂಗಡಿಯಲ್ಲಿ ಚಹಾಕ್ಕೆ ಪಾವು ಬ್ರೆಡ್ಡು ಅದ್ದಿ ತಿನ್ನುವುದನ್ನು ನಾನೇ ನೋಡಿದ್ದೆ. ಒಮ್ಮೆ ಎಣ್ಣೆಗಾಯಿ ಮಾಡಿದಾಗ ಕೇಳದೆಯೇ ಒಂದು ಬಟ್ಟಲು ಮೇಲೆ ಒಯ್ದು ಕೊಟ್ಟೆ. ಅಂದು ಅವರು ಬಟ್ಟಲನ್ನೇ ನೋಡುತ್ತ ಕೇಳಿದರು.

"ದಿನಾ ಕೇಳತೀರಲ್ಲ. ಇಲ್ಲ ಅಂದ್ರ ಏನ ಮಾಡತೀರಿ?"

"ತಾಟ ಹಾಕಿ ಬಡಸತೀವ್ರಿ."

"ಯಾರರ ಇಲ್ಲ ಅಂತಾರೇನು?"

"ಯಾರೂ ಅನ್ನೂದಿಲ್ಲರಿ. ಆಗದಿದ್ರೂ ಆತು ಅನ್ನೂದ ರೂಢಿ."

ಮರುದಿನ ಅವರು ಕಟಾಂಜನಕ್ಕೆ ಬಂದು ನಿಂತಾಗ ಕೈಯಲ್ಲಿ ಒಂದೇ ಹಾಳೆ ಇತ್ತು. ಅದರಲ್ಲಿ ಒಂದೇ ಮಾತು. ಬಸ್ಸಿನ ಕಿಟಕಿಯಲ್ಲಿರುವ ಮಗಳಿಗೆ ಅಪ್ಪ ಕೇಳುತ್ತಾನೆ, "ಖಾನಾ ಹೋ ಗಯಾ, ಬೇಟಿ?" ಊಟ ಆಯಿತಾ ಮಗಳೇ ಎಂದು. ಅವಳು "ಹೋ ಗಯಾ", ಆಯಿತು, ಅನ್ನುತ್ತಾಳೆ. ಬಸ್ಸು ಹೊರಡುತ್ತದೆ. ಅಪ್ಪ ಮೈಮೇಲಿನ ಶಾಲಿನೊಳಗಿಂದ ಮಗಳಿಗೆಂದು ತಂದ ಬುತ್ತಿಯ ಗಂಟು ತೆಗೆದು ಬೆಂಚಿನ ಮೇಲಿಟ್ಟುಕೊಂಡು ಕೂರುತ್ತಾನೆ. ಅಷ್ಟೇ. ನನ್ನ ಕೈಯಲ್ಲಿದ್ದ ಬಟಾಣಿ ಅಲ್ಲೇ ಉಳಿದವು. ಏನನ್ನಿಸಿತೆಂದು ಅವರು ಅಂದು ಕೇಳಲಿಲ್ಲ.

ಸಿನಿಮಾ ನಾಸಿಕಕ್ಕೆ ಬಂದಾಗ ಕಾಕಾನನ್ನು ಮುಂದಿಟ್ಟುಕೊಂಡು ವಾಡೆಗೆ ವಾಡೆಯೇ ಹೊರಟಿತು. ಬಸ್ ಸ್ಟ್ಯಾಂಡು ಬಂತು, ಮಗಳು ಬಸ್ಸು ಹತ್ತಿದಳು, ಅದರ ಹಿಂದೆಯೇ ಒಂದು ಹಾಡು ಶುರುವಾಯಿತು. ಪರದೆಯ ಮೇಲೆ ಕಾಕಾ ಬರಲೇ ಇಲ್ಲ. ಹೊರಗೆ ಬರುವಾಗ ಯಾರೋ, "ಕಣ್ಣ ಮುಚ್ಚಿ ತೆಗಿಯೂದರಾಗ ಹೋಗಿಬಿಟ್ರೇನು ಕಾಕಾ" ಎಂದು ಗೇಲಿ ಮಾಡಿದರು. ಅವರೂ ನಕ್ಕರು. ಆ ನಗೆಯಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ನಟರಲ್ಲವೇ. ಆ ವಾರವೆಲ್ಲ ಅವರು ಕೋಣೆ ಬಿಟ್ಟು ಕೆಳಗಿಳಿಯಲಿಲ್ಲ.

ಆಮೇಲೆ ಬೊಂಬಾಯಿಯಿಂದ ಸಂಗತಿ ತಿಳಿಯಿತು. ಚಿತ್ರ ಉದ್ದವಾಯಿತೆಂದು ಮೊದಲ ವಾರದ ನಂತರ ಬೊಂಬಾಯಿ ಕಡೆಯ ಪ್ರಿಂಟುಗಳಲ್ಲಿ ಆ ದೃಶ್ಯವನ್ನು ಕತ್ತರಿಸಿದ್ದರು. ಆದರೆ ಔರಂಗಾಬಾದಿಗೆ ಸಿನಿಮಾ ಬರುತ್ತಿದ್ದದ್ದು ಬೊಂಬಾಯಿ ಕಡೆಯಿಂದಲ್ಲ, ಹೈದರಾಬಾದ್ ಕಡೆಯಿಂದ. ನಿಜಾಮರು ಹೋದರೂ ಸಿನಿಮಾ ವ್ಯಾಪಾರದವರ ಲೆಕ್ಕದಲ್ಲಿ ಆ ಊರು ಇನ್ನೂ ನಿಜಾಮರ ಸೀಮೆಯಲ್ಲೇ ಇತ್ತು. ಆ ಕಡೆ ಹೋದ ಪ್ರಿಂಟಿಗೆ ಕತ್ತರಿ ಬಿದ್ದಿರಲಿಲ್ಲ. ಮಗಳಿರುವ ಊರಿನಲ್ಲೇ ಆ ದೃಶ್ಯ ಓಡುತ್ತಿತ್ತು, ಅದೂ ಗುರುವಾರದವರೆಗೆ ಮಾತ್ರ. ಶುಕ್ರವಾರ ಚಿತ್ರ ಬದಲು.

ಕಾಕಾ ನಮ್ಮ ಬಾಗಿಲಿಗೆ ಬಂದು ನಿಂತರು. "ನೀವು ಬಂದು ಆಕೀನ್ನ ಕರೀರಿ ವಹಿನಿ. ನಾ ಕರದ್ರ ಬರೂದಿಲ್ಲ." ಅವರು ಯಾರ ಮುಂದೆಯೂ ಕೈ ಒಡ್ಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮವರು ರಜೆ ಹಾಕಿದರು. ಎಲ್ಲೋರಾ ನೋಡಿದಂತೆಯೂ ಆಯಿತು ಎಂದು ಕಾರಣ ಕಟ್ಟಿಕೊಂಡೆವು. ನೋಡಲಾಗಲಿಲ್ಲ, ಅದು ಬೇರೆ ಮಾತು. ಮುಂಜಾನೆಯ ಎಸ್‌ಟಿ ಬಸ್ಸಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದಾಗ ಕಾಕಾ, "ಆತು, ಮನಿಯಾಗ ಮಾಡ್ಕೊಂಡ ಬಂದೇನಿ" ಎಂದು ಕಿಟಕಿಯ ಕಡೆ ತಿರುಗಿದರು.

ಮಗಳ ಮನೆ ಗುಲಮಂಡಿ ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿತ್ತು. ಗಂಡಸರಿಬ್ಬರೂ ಥಿಯೇಟರಿನ ಕಡೆ ಹೋದರು, ಬಾಗಿಲು ತಟ್ಟಿದ್ದು ನಾನೊಬ್ಬಳೇ. ಬಾಗಿಲಿಗೆ ಬಂದವಳು ನನ್ನ ವಯಸ್ಸಿನವಳೇ, ಕಂಕುಳಲ್ಲಿ ಕೂಸು. ಅದೇ ಹಣೆ, ಅದೇ ಎತ್ತರ. ನಾನು ಯಾರು, ಯಾಕೆ ಬಂದೆ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿ ಮುಗಿಸಿದೆ. ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಕೇಳಿದಳು.

"ಅದರಾಗೂ ಡಾಕ್ಟರ್ ಏನ್ರಿ?"

"ಅಲ್ಲರಿ. ಅಪ್ಪ."

ಒಳಗೆ ಹೋಗಿ ಅತ್ತೆಗೆ ಏನೋ ಹೇಳಿ, ಸೀರೆ ಬದಲಿಸಿ ಬಂದಳು.

ಥಿಯೇಟರಿನಲ್ಲಿ ಹೆಂಗಸರಿಗೆ ಬೇರೆ ಸಾಲುಗಳಿದ್ದವು. ನಾವಿಬ್ಬರೂ ಅಲ್ಲಿ ಕೂತೆವು, ನಮ್ಮವರು ಗಂಡಸರ ಕಡೆ. ಕಾಕಾ ಒಳಗೆ ಬರಲೇ ಇಲ್ಲ. ಎದುರಿನ ಚಹಾದಂಗಡಿಯಲ್ಲಿ ಇರುತ್ತೇನೆ ಎಂದಿದ್ದರು. ಇಂಟರ್ವಲ್ ಮುಗಿಯಿತು. ಬಸ್ ಸ್ಟ್ಯಾಂಡಿನ ದೃಶ್ಯ ಇನ್ನೇನು ಬರಬೇಕು, ಗುಂಡಿನ ಸದ್ದಿಗೆ ಕೂಸು ಎದ್ದು ಕಿರುಚತೊಡಗಿತು. ನಾನು ಎತ್ತಿಕೊಳ್ಳಲು ಹೋದರೆ ಇನ್ನಷ್ಟು ಜೋರಾಯಿತು. ಹಿಂದಿನ ಸಾಲಿನವರು ಹೊರಗೆ ಒಯ್ಯಿರಿ ಎಂದು ಗದರಿದರು. ಅವಳು ಎದ್ದು ಹೋದಳು. ಹಿಂದೆಯೇ ಹೋಗಲೆಂದು ನಾನೂ ಅರ್ಧ ಎದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಶಾಲು ಹೊದ್ದ ಕಾಕಾ ಬಂದು ನಿಂತರು... ಅವಳ ಬದಲು ನಾನಾದರೂ ನೋಡಬೇಕೆನ್ನಿಸಿ ಕೂತುಬಿಟ್ಟೆ. ಹಾಲು ಉಕ್ಕುವಷ್ಟು ಹೊತ್ತೂ ಇರಲಿಲ್ಲ ಆ ದೃಶ್ಯ. ಬುತ್ತಿಯ ಗಂಟು ಬೆಂಚಿನ ಮೇಲೆ ಬಂದಾಗ ಹೆಂಗಸರ ಸಾಲುಗಳಲ್ಲಿ ಮೂಗೆಳೆಯುವ ಸದ್ದು ಕೇಳಿತು. ನಾನೂ ಅತ್ತೆ. ಪಕ್ಕದ ಕುರ್ಚಿ ಖಾಲಿಯೇ ಇತ್ತು.

ಕೂಸು ಮಲಗಿದ ಮೇಲೆ ಅವಳು ಮರಳಿ ಬಂದು ಕೂತಳು. ನಾನು ದೃಶ್ಯವನ್ನು ವಿವರಿಸಲು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದು, "ದನಿ ಕೇಳಿಸ್ತ್ರಿ" ಅಂದಳು. ಸಿನಿಮಾ ಬಿಟ್ಟ ಮೇಲೆ ಹೊರಗೆ ನಿಂತಿದ್ದ ಕಾಕಾನ ಕಾಲು ಮುಟ್ಟಿ ನಮಸ್ಕರಿಸಿ, ಅತ್ತೆ ಕಾಯುತ್ತಾರೆಂದು ಟಾಂಗಾ ಹತ್ತಿ ಹೋದಳು.

ನಡೆದದ್ದೇನೆಂದು ಕಾಕಾ ಹೇಳಿದ್ದು ವಾಪಸು ಬಸ್ಸಿನಲ್ಲಿ. ಅವರು ಚಹಾದಂಗಡಿಯಲ್ಲಿ ಕೂರಲಾರದೆ ಥಿಯೇಟರಿನ ಪಡಸಾಲೆಗೇ ಬಂದು, ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರಂತೆ. ಬಾಗಿಲು ತೆರೆದು ಮಗಳು ಹೊರಗೆ ಬಂದಳು. ಒಳಗಿಂದ ಇವರದೇ ದನಿ ಬಂತು, ಖಾನಾ ಹೋ ಗಯಾ, ಬೇಟಿ. ಕೂಸನ್ನು ತಟ್ಟುತ್ತಿದ್ದ ಮಗಳ ಕೈ ನಿಂತಿತು. ಆಮೇಲೆ ಅವಳು ಇವರ ಮುಖ ನೋಡಿ ಕೇಳಿದಳಂತೆ, "ಜೇವಲಾತ್ ಕಾ, ಬಾಬಾ?" ಊಟ ಮಾಡಿದಿರಾ ಎಂದು.

"ಝಾಲಂ ಅಂದುಬಿಟ್ಟೆ ವಹಿನಿ," ಅಂದರು ಕಾಕಾ. "ಆತು ಅಂದುಬಿಟ್ಟೆ."

ಬಸ್ಸು ಓಡುತ್ತಿತ್ತು. ನಮ್ಮವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಬರದಾಂವ ನಾನ ಅಲ್ಲೇನ್ರಿ? ಇಲ್ಲ ಅಂದಿದ್ರ ಮನಿಗೆ ಕರೀತಿದ್ಲು, ತಾಟ ಹಾಕತಿದ್ಲು. ಗೊತ್ತಿತ್ತು ನನಗ... ಬಾಯಿಗೆ ಅದ ಬಂತು."

ದಾರಿಯಲ್ಲಿ ನೇಕಾರರ ಊರು ಯೇವಲೆಯಲ್ಲಿ ಬಸ್ಸು ನಿಂತಾಗ ಸಂಜೆಯಾಗಿತ್ತು. ಸ್ಟ್ಯಾಂಡಿನ ಆಚೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ನಾನು ಉಳಿದ ರೊಟ್ಟಿಯ ಗಂಟು ಬಿಚ್ಚಿ, ದಿನದಂತೆಯೇ ಕೇಳಿದೆ. "ಊಟಾ ಆತೇನ್ರಿ, ಕಾಕಾ?" ಅವರು ನನ್ನನ್ನು ನೋಡಿದರು, ಗಂಟನ್ನು ನೋಡಿದರು. "ಇಲ್ಲರಿ," ಅಂದರು. ಒಣಗಿದ ರೊಟ್ಟಿ, ಶೇಂಗಾ ಚಟ್ನಿ. ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ತಿಂದರು, ತಿನ್ನುತ್ತಲೇ ಅತ್ತರು. ಅಳುವುದಕ್ಕೆ ಅವರಿಗೆ ಯಾವ ಅಂಟೂ ಬಣ್ಣವೂ ಬೇಕಾಗಲಿಲ್ಲ.

ಅದಾದ ಮೇಲೆ ಮತ್ತೆ ಡಾಕ್ಟರ್ ಪಾತ್ರಗಳೇ ಬಂದವು. ಮಗಳು ಕರೆಯಲಿಲ್ಲ, ಇವರೂ ಹೋಗಲಿಲ್ಲ. ನಮಗೆ ವರ್ಗವಾಯಿತು, ನಾಸಿಕ ಬಿಟ್ಟೆವು. ಕಾಕಾ ಹೋದ ಸುದ್ದಿ ನಮಗೆ ತಿಳಿದದ್ದು ಅವರು ಹೋಗಿ ಒಂದು ವರ್ಷವಾದ ಮೇಲೆ. ಔರಂಗಾಬಾದಿನ ಹೆಸರೂ ಈಗ ಛತ್ರಪತಿ ಸಂಭಾಜಿನಗರ ಎಂದಾಗಿದೆ. ಆ ಥಿಯೇಟರ್ ಇದೆಯೋ ಇಲ್ಲವೋ ಗೊತ್ತಿಲ್ಲ.

ಅಂಟಿನ ಘಾಟಿನ ನೆಪದಲ್ಲಿ ಇದನ್ನೆಲ್ಲ ಹೇಳಿದಾಗ ಮೊಮ್ಮಗಳು ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿಕೊಟ್ಟಳು. ಬಸ್ ಸ್ಟ್ಯಾಂಡು ಬಂತು, ಮಗಳು ಬಸ್ಸು ಹತ್ತಿದಳು, ಹಾಡು ಶುರುವಾಯಿತು. ಉಳಿದಿರುವುದು ಕತ್ತರಿಸಿದ ಪ್ರಿಂಟು. ನಮ್ಮವರೂ ತೀರಿಕೊಂಡ ಮೇಲೆ, ಆ ದೃಶ್ಯ ನೋಡಿದವರಲ್ಲಿ ಆ ಶಾಲಿನೊಳಗಿನ ಮನುಷ್ಯನನ್ನು ಬಲ್ಲವಳು ನಾನೊಬ್ಬಳೇ. ನಾನೂ ಹೋದರೆ ಅದು ಎಲ್ಲೂ ಇರುವುದಿಲ್ಲ.

ನಾಟಕ ಮುಗಿಸಿ ಬಂದ ಮೊಮ್ಮಗಳು ಮೀಸೆಯನ್ನೂ ತೆಗೆಯದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ದನಿ ದಪ್ಪ ಮಾಡಿ, "ಊಟಾ ಆತೇನು, ಅಜ್ಜಿ?" ಅಂದಳು.

ನನ್ನ ಊಟ ಆಗಿ ಬಹಳ ಹೊತ್ತಾಗಿತ್ತು.

"ಇಲ್ಲವಾ," ಅಂದೆ. "ತಾಟ ಹಾಕು."