ಗೊರಕೆ ಇಲ್ಲ ಅಂದಿದ್ದ ಆಂಟಿ

ಮೊನ್ನೆ ಆರ್‌ಪಿಸಿ ಲೇಔಟಿನ ಟೈಲರ್ ಅಂಗಡಿಯಲ್ಲಿ ನಿಂತಿದ್ದಾಗ ಹೊಲಿಗೆ ಮೆಷಿನ್ನಿನ ಎಣ್ಣೆ ವಾಸನೆ ಬಂತು. ಕೆಳಮನೆ ಆಂಟಿ ನೆನಪಾದರು...

ಬಸವೇಶ್ವರನಗರದಲ್ಲಿ ನಾವು ಮಹಡಿ ಮೇಲೆ ಬಾಡಿಗೆಗಿದ್ದಾಗ ಅವರು ಕೆಳಗೆ ಬ್ಲೌಸ್ ಹೊಲಿಯುತ್ತಿದ್ದರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು. ದಪ್ಪ ಮೈ, ದೊಡ್ಡ ನಗು. ಹೊಲಿಯುತ್ತ ಹೊಲಿಯುತ್ತಲೇ ತೂಕಡಿಸುತ್ತಿದ್ದರು. ಅವರ ಗೊರಕೆ ನಮ್ಮ ಮನೆಗೂ ಕೇಳುತ್ತಿತ್ತು. ನಡುನಡುವೆ ಪೂರ್ತಿ ನಿಂತು, ಉಸಿರುಗಟ್ಟಿದವರಂತೆ ಮತ್ತೆ ಶುರುವಾಗುತ್ತಿತ್ತು. ಆಂಟಿಗೆ ಅದೇ ದೊಡ್ಡ ನಾಚಿಕೆ. ಮಗಳ ಮದುವೆಗೆ ಛತ್ರದಲ್ಲಿ ಉಳಿದಾಗ, ಬೀಗರಿಗೆ ಕೇಳೀತೆಂದು ಗೋಡೆಗೊರಗಿ ಕೂತೇ ಬೆಳಗು ಮಾಡಿದ್ದರು.

ಒಂದು ಬೆಳಗ್ಗೆ ಕಣ್ಣುಜ್ಜಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. "ಎಡಗಣ್ಣಿಗೆ ಏನೋ ಅಡ್ಡ ಬಂದಂಗಿದೆ ಕಣೇ, ನೋಟದ ಕೆಳಗಿನರ್ಧ ಎಲ್ಲಾ ಕತ್ತಲು." ನೋವಿಲ್ಲ, ಕೆಂಪಿಲ್ಲ. ಅಳಿಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಆಂಟಿಯೇ ಎಷ್ಟೋ ದಿನದ ಮೇಲೆ ಹೇಳಿದ್ದು. ಕಣ್ಣಿನ ನರಕ್ಕೆ ರಕ್ತ ಸರಿಯಾಗಿ ಹೋಗಿಲ್ಲ ಎಂದ ಡಾಕ್ಟರಮ್ಮ, "ಗೊರಕೆ ಹೊಡೀತೀರಾ? ನಿದ್ದೇಲಿ ಉಸಿರು ಕಟ್ಟುತ್ತಾ?" ಎಂದು ಕೇಳಿದರಂತೆ.

ಪಕ್ಕದಲ್ಲೇ ಅಳಿಯ. "ಇಲ್ಲ ಡಾಕ್ಟ್ರೇ, ಚೆನ್ನಾಗೇ ನಿದ್ದೆ ಬರುತ್ತೆ" ಎಂದುಬಿಟ್ಟರು ಆಂಟಿ.

ಕೆಲವು ತಿಂಗಳಿಗೆ ಬಲಗಣ್ಣೂ ಹಾಗೇ ಆಯಿತು. ಈ ಸಲ ಮಗಳು ಜೊತೆಗಿದ್ದಳು, ಎಲ್ಲ ಹೇಳಿದಳು. ನಿದ್ದೆಯ ಪರೀಕ್ಷೆ ಮಾಡಿಸಿದರೆ, ಉಸಿರು ಮತ್ತೆ ಮತ್ತೆ ನಿಂತು ಆಕ್ಸಿಜನ್ ಇಳಿಯುತ್ತಿತ್ತು.

"ಇದೊಂದೇ ಕಾರಣ ಅನ್ನಕ್ಕಾಗಲ್ಲ, ಬಿಪಿನೂ ಇದೆ. ಆದ್ರೆ ಇದರಿಂದ ನರಕ್ಕೆ ಪೆಟ್ಟು ಬೀಳಬಹುದು," ಎಂದರು ಡಾಕ್ಟರಮ್ಮ. "ಒಣಗಿದ ನರ ಮತ್ತೆ ಚಿಗುರಲ್ಲಮ್ಮ."

ಮಲಗುವಾಗ ಮೂಗಿಗೆ ಮಾಸ್ಕು, ಗಾಳಿ ಊದುವ ಮೆಷಿನ್ನು ಬಂತು. ಗೊರಕೆ ನಿಂತಿತು, ತೂಕಡಿಕೆಯೂ ಹೋಯಿತು. ಕಣ್ಣು ಮಾತ್ರ ಬರಲಿಲ್ಲ. ಹೊಲಿಗೆ ನಿಂತೇಹೋಯಿತು.

"ಈಗ ದಿನವೆಲ್ಲಾ ಎಚ್ಚರವಾಗೇ ಇರ್ತೀನಿ ಕಣೇ," ಎಂದರು ಒಮ್ಮೆ. "ನೋಡೋಕೇ ಏನೂ ಇಲ್ಲ." ಆಮೇಲೆ, "ಅಳಿಯನ ಮುಂದೆ ಹೆಂಗೆ ಹೇಳೋದು ಅಂತ ಇಲ್ಲ ಅಂದ್ಬಿಟ್ಟೆ..." ಎಂದರು.

ಹೋದ ವರ್ಷ ಕೆಂಗೇರಿಯಲ್ಲಿ, ಮಗಳ ಮನೆಯಲ್ಲಿ, ಆಂಟಿ ಹೋದರು.

ಈ ವಾರ ನನ್ನ ಗಂಡ, "ನಿನ್ನ ಗೊರಕೆ ನಡುವೆ ನಿಂತೇಹೋಗುತ್ತೆ ಕಣೇ, ಭಯ ಆಗುತ್ತೆ" ಎಂದರು. ಮೊದಲು ಸಿಟ್ಟೇ ಬಂತು. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ್ದಕ್ಕೆಲ್ಲ ಹೌದು ಎಂದೆ. ಹೊರಗೆ ಬಂದಾಗ ಇದನ್ನು ಆಂಟಿಗೆ ಹೇಳಬೇಕು ಅನ್ನಿಸಿತು. ಹೇಳೋಣವೆಂದರೆ ಅವರಿಲ್ಲ.