ಖಾಸಿಂ ಭಾಯಿ ಉಣ್ಣದ ಟರ್ಕಿ

ಒಳ್ಳೆಯ ಟರ್ಕಿ ಕೋಳಿಯನ್ನು ಆರಿಸುವ ವಿಷಯದಲ್ಲಿ ಇಡೀ ಶಹಾಪುರದಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ, ಈ ಊರಿನಲ್ಲಿ ಆ ವಿದ್ಯೆ ಬೇರೆ ಯಾರಿಗೂ ಬೇಕಾಗಿಲ್ಲ. ಎದೆಯ ಮೇಲೆ ಕೈಯಾಡಿಸಿದರೆ ಮೂಳೆ ಚುಚ್ಚಬಾರದು. ಕಾಲಿನ ಚರ್ಮ ನುಣುಪಾಗಿರಬೇಕು, ಒರಟಾಗಿದ್ದರೆ ಹಕ್ಕಿಗೆ ವಯಸ್ಸಾಗಿದೆ ಎಂದರ್ಥ. ನಿವೃತ್ತನಾದ ಸಮಾಜವಿಜ್ಞಾನದ ಮಾಸ್ತರನ ಕೈಗೆ ಮೊಬೈಲ್ ಸಿಕ್ಕರೆ ಇಂಥ ಜ್ಞಾನ ಬೇಕಾದಷ್ಟು ಬರುತ್ತದೆ. ನನಗೆ ಮಾತ್ರ ಅದು ಒಂದು ವರ್ಷ ತಡವಾಗಿ ಬಂತು.

ನಮ್ಮ ಮನೆಯ ಕ್ರಿಸ್ಮಸ್ ಊಟಕ್ಕೆ ಒಂದು ಕ್ರಮವಿತ್ತು. ಕೋಳಿಯನ್ನು ಗೋಡೆಯಾಚೆಯ ಖಾಸಿಂ ಭಾಯಿಯೇ ಕೊಯ್ಯಬೇಕು. ಅವರೇನೂ ಕಸಾಯಿಯಲ್ಲ, ಗಾದಿ ಹೊಲಿಯುವವರು. ಆದರೂ ನಾವು ಕರೆದೊಡನೆ, ಚರ್ಚಿಗೆ ಹೊರಡುವ ಮೊದಲೇ, ಚಾಕು ಮಸೆದುಕೊಂಡು ಬಂದು, ಬಿಸ್ಮಿಲ್ಲಾ ಎಂದು ಕೊಯ್ದುಕೊಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಅವರ ಮನೆಮಂದಿಯೆಲ್ಲ ನಮ್ಮಲ್ಲೇ ಉಣ್ಣುತ್ತಿದ್ದರು. ಅವರ ಕೈಯಿಂದ ಕೊಯ್ದದ್ದು ಅವರಿಗೂ ಸಲ್ಲುತ್ತಿತ್ತು, ನಮಗೂ ಸಲ್ಲುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆಯಿತು.

ಹೋದ ವರ್ಷ ನನಗೆ ಟರ್ಕಿಯ ಹುಚ್ಚು ಹಿಡಿಯಿತು. ಈ ಹಕ್ಕಿಯ ಕಥೆಯೇ ವಿಚಿತ್ರ. ಅದು ಹುಟ್ಟಿದ್ದು ಅಮೆರಿಕದ ಕಾಡಿನಲ್ಲಿ. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರು, ಟರ್ಕಿಯವರು ನಮ್ಮ ದೇಶದ ಹೆಸರಿಟ್ಟರು. ನಮ್ಮ ದೇಶದವರಾದ ನಾವು ಅದನ್ನು ಕಂಡರೆ ಇದೆಂಥ ಪ್ರಾಣಿಯಪ್ಪಾ ಎಂದು ಬಾಯಿ ತೆರೆದು ನಿಲ್ಲುತ್ತೇವೆ. ಇದನ್ನೆಲ್ಲ ಊಟಕ್ಕೆ ಬಂದವರ ಮುಂದೆ ಹೇಳಿ ಶಭಾಷ್ ಎನ್ನಿಸಿಕೊಳ್ಳುವ ಆಸೆ ನನಗೆ. ಹೈದರಾಬಾದಿನಿಂದ ಬಸ್ಸಿನಲ್ಲಿ ಒಂದನ್ನು ತರಿಸಿದೆ. ಕೊಯ್ದು, ಪುಕ್ಕ ಕಿತ್ತು, ಮಂಜುಗಡ್ಡೆಯಂತೆ ಗಟ್ಟಿಯಾಗಿ ಥರ್ಮಾಕೋಲ್ ಡಬ್ಬಿಯಲ್ಲಿ ಬಂತು.

ಕುಕ್ಕರಿನಲ್ಲಿ ಅದರ ಒಂದು ತೊಡೆ ಮಾತ್ರ ಹಿಡಿಸಿತು. ಮೊಬೈಲಿನಲ್ಲಿ ತೋರಿಸಿದಂತೆ ಇಡಿಯಾಗಿ ಸುಡಲು ನಮ್ಮಲ್ಲಿ ಭಟ್ಟಿ ಎಲ್ಲಿದೆ? ಮದುವೆಗೆ ಅನ್ನ ಮಾಡುವ ಡಬರಿಯೊಂದನ್ನು ಕೇಳಿ ತಂದು ಬೇಯಲಿಟ್ಟೆವು. ಮೇಲೆ ಕರಕಲಾಯಿತು, ಒಳಗೆ ನೆತ್ತರು ಹಾಗೇ ಇತ್ತು. ಕೊನೆಗೆ ನನ್ನ ಹೆಂಡತಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ, ತುಂಡು ಮಾಡಿ, ಕೆಂಪು ಖಾರ ಹಾಕಿ ಸಾರು ಮಾಡಿದಳು. ಜೋಳದ ರೊಟ್ಟಿಯ ಜೊತೆ ನಂಚಿಕೊಂಡರೆ ಅಮೆರಿಕದ ಹಕ್ಕಿಗೂ ನಮ್ಮೂರಿನ ರುಚಿ ಬಂದಿತ್ತು.

ಖಾಸಿಂ ಭಾಯಿ ತಟ್ಟೆಯ ಮುಂದೆ ಕೂತವರು ಕೈ ಹಚ್ಚಲಿಲ್ಲ.

"ಯಾರು ಕೊಯ್ದಾರ್ರಿ, ಮಾಸ್ತರ?" ಎಂದು ಕೇಳಿದರು.

ಮೂವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಡಬ್ಬಿಯ ಮೇಲೆ ಏನಾದರೂ ಬರೆದಿತ್ತೋ ಇಲ್ಲವೋ ನಾನು ನೋಡಿರಲಿಲ್ಲ. ಮಷಿನ್ ಕೊಯ್ದಿರಬೇಕು ಎಂದು ನಕ್ಕುಬಿಟ್ಟೆ. ಅವರು ಹೊಟ್ಟೆ ಸರಿಯಿಲ್ಲವೆಂದು ಒಂದಿಷ್ಟು ಮೊಸರನ್ನ ತಿಂದು ಎದ್ದರು. ಮಾವ ಬೆಳಿಗ್ಗೆಯಿಂದ ಚಾಕು ಮಸೆದಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು, ನೀವು ಕರೆಯಲೇ ಇಲ್ಲ ಎಂದು ಮರುದಿನ ಅವರ ಸೊಸೆ ನನ್ನ ಹೆಂಡತಿಗೆ ಹೇಳಿದಳಂತೆ.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎದುರಿಗೆ ಸಿಕ್ಕರೆ ಸಲಾಂ ಮಾಡುತ್ತಿದ್ದರು, ಬಿಸಿಲು ಜಾಸ್ತಿ ಎನ್ನುತ್ತಿದ್ದರು. ನಮ್ಮ ಮೆಟ್ಟಿಲು ಮಾತ್ರ ಹತ್ತಲಿಲ್ಲ. ತಪ್ಪಾಯಿತೆಂದು ಹೇಳಲು ಎಷ್ಟೋ ಸಲ ಗೋಡೆಯವರೆಗೆ ಹೋಗಿ ನುಗ್ಗೆಕಾಯಿ ಕೇಳಿ ಬಂದಿದ್ದೇನೆ. ಮಾತು ಕಲಿಸಿಯೇ ಹೊಟ್ಟೆ ಹೊರೆದವನು ನಾನು, ಆ ಎರಡು ಮಾತು ನನಗೆ ಬರಲಿಲ್ಲ. ಆ ವರ್ಷ ನನ್ನ ಮನಸ್ಸಿಗೆ ಯಾವುದೂ ಹಿತವಾಗಲಿಲ್ಲ.

ಈ ಸಲ ಡಿಸೆಂಬರಿನಲ್ಲಿ ಸುರಪುರದಾಚೆ ದೇವಾಪುರದ ರೈತರೊಬ್ಬರು ಟರ್ಕಿ ಸಾಕಿದ್ದಾರೆಂದು ತಿಳಿಯಿತು. ಹೋಗಿ, ಎದೆ ಮುಟ್ಟಿ, ಕಾಲು ನೋಡಿ, ಜೀವಂತವಾದದ್ದನ್ನೇ ಬುಟ್ಟಿಯಲ್ಲಿ ತಂದೆ. ಸುರಪುರದಿಂದ ಶಹಾಪುರದವರೆಗೆ ಬಸ್ಸಿನಲ್ಲಿದ್ದವರೆಲ್ಲ ಅದನ್ನೂ ನನ್ನನ್ನೂ ಸಮನಾಗಿ ನೋಡಿದರು. ಹಬ್ಬದ ಬೆಳಿಗ್ಗೆ ಖಾಸಿಂ ಭಾಯಿಯ ಬಾಗಿಲಿಗೆ ಬುಟ್ಟಿ ಒಯ್ದಿಟ್ಟು, ನೀವೇ ಕೊಯ್ಯಬೇಕು ಎಂದೆ.

ಅವರು ಬಗ್ಗಿ ಹಕ್ಕಿಯನ್ನು ನೋಡಿದರು. ಆಮೇಲೆ ಶಾಲಿನೊಳಗಿಂದ ಬಲಗೈ ಹೊರಗೆ ತೆಗೆದು ನನ್ನ ಮುಂದೆ ಹಿಡಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು.

"ಈ ಕೈಲಿಂದ ಹ್ಯಾಂಗ ಕೊಯ್ಯಲಿರಿ? ಒಂದ ಸಲಕ್ಕ ಜೀವ ಹೋಗಬೇಕು, ಇಲ್ಲಂದ್ರ ಗುನ್ಹಾ ಆಗ್ತದ. ಹ್ವಾದ ವರ್ಷ ಇದು ಆಗಷ್ಟ ಸುರು ಆಗಿತ್ತು, ನೀವು ನೋಡಿದ್ರಿ. ನನಗ ಶರಮ್ ಆಗಬಾರದಂತ ಕೊಯ್ದದ್ದು ತರಿಸಿದ್ರಿ. ಅದಕ್ಕ ನನಗ ತುತ್ತು ಇಳೀಲಿಲ್ಲ."

ಸೂಜಿಗೆ ದಾರ ಪೋಣಿಸಲು ಅವರು ಸೊಸೆಯನ್ನು ಕರೆಯುವುದನ್ನು ನೋಡಿದ್ದೆ, ಕಣ್ಣು ಮಂಜಾಗಿದೆ ಎಂದುಕೊಂಡಿದ್ದೆ. ಚಹಾ ಅರ್ಧ ಕಪ್ಪು ಸಾಕು ಎನ್ನುವುದನ್ನು ಕೇಳಿದ್ದೆ, ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡಿದ್ದೆ. ಟರ್ಕಿಯ ಕಾಲು ನೋಡಿ ವಯಸ್ಸು ಹೇಳಬಲ್ಲವನು ನಾನು. ಹೌದು, ನಿಮಗಾಗಿಯೇ ತರಿಸಿದ್ದೆ ಎಂದುಬಿಟ್ಟಿದ್ದರೆ ದೊಡ್ಡ ಮನುಷ್ಯನಾಗುತ್ತಿದ್ದೆ. ಆದರೆ ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಭಾಯಿ, ನಾ ನೋಡೇ ಇದ್ದಿಲ್ಲ. ಬರೇ ಶೋಕಿಗೆ ತರಿಸಿದ್ದೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಿಧಾನವಾಗಿ ಅವರ ಮುಖ ಸಡಿಲವಾಯಿತು. ಮಗನನ್ನು ಕರೆದು ಚಾಕು ತರಲು ಹೇಳಿದರು. ಹ್ಯಾಗೆ ಹಿಡಿಯಬೇಕು, ಎಲ್ಲಿ ಕೊಯ್ಯಬೇಕು ಎಂದು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಅವರಿಗೆ ಬೇಡವಾಗಿದ್ದದ್ದು ನನ್ನ ಕರುಣೆ. ನನಗೆ ಅದು ಇರಲೇ ಇಲ್ಲವೆಂದು ಖಾತ್ರಿಯಾದ ಮೇಲೆ ನಮ್ಮ ಮನೆಯ ಊಟ ಅವರಿಗೆ ಮತ್ತೆ ಸಲ್ಲಿತು. ಕ್ಷಮೆ ಸಿಕ್ಕರೂ, ಅದು ಸಿಕ್ಕಿದ್ದು ನಾನು ಏನೂ ಕಾಣದವನಾಗಿದ್ದಕ್ಕೆ ಎಂದು ನೆನೆದು ನನಗೆ ಸಮಾಧಾನವಾಗಿಲ್ಲ.

ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತರು. ಮಾಂಸ ಈ ಸಲವೂ ಸ್ವಲ್ಪ ಗಟ್ಟಿಯೇ ಇತ್ತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಸಾರು ಅವರ ಬಿಳಿ ಅಂಗಿಯ ಮೇಲೆ ಎರಡು ಕಡೆ ಚೆಲ್ಲಿತು. ಈಗ ನನಗೆ ಎಲ್ಲ ಕಾಣುತ್ತದೆ. ಏನೂ ಕಾಣದ ಹಳೆಯ ಮಾಸ್ತರನ ಹಾಗೆ, ಟರ್ಕಿ ದೇಶದವರು ಈ ಹಕ್ಕಿಗೆ ಏನನ್ನುತ್ತಾರೆ ಗೊತ್ತೇ ಎಂದು ಮಾತು ತೆಗೆದು, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.